ಇಬ್ಬರೇ ಹಿಡಿಯುವ ಡೇರೆ

ಒಂದು ಮಾತನ್ನು ಯಾರಿಗೂ ಹೇಳಲಾರೆ, ಆದ್ದರಿಂದ ನನಗೆ ನಾನೇ ಹೇಳಿಕೊಳ್ಳುತ್ತೇನೆ: ಅಪ್ಪ ತನ್ನ ಹಳೆಯ ಕೈಗವಸುಗಳನ್ನು ಲೂಸೆಟ್‌ಗೆ ಕೊಟ್ಟ ದಿನದಿಂದ ನನಗೆ ಊಟ ಸೇರುತ್ತಿಲ್ಲ. ಆ ಕೈಗವಸು ನನಗೆ ಬೇಕಾಗಿತ್ತು ಎಂದಲ್ಲ. ಹೆಬ್ಬೆರಳಿನ ಹತ್ತಿರ ತೂತು ಬಿದ್ದಿದೆ, ಗಾಳಕ್ಕೆ ಸಿಕ್ಕಿಸುವ ಮರಿಮೀನಿನ ವಾಸನೆ ಎಷ್ಟು ಒಗೆದರೂ ಹೋಗುವುದಿಲ್ಲ. ನನಗೇ ಕೊಟ್ಟಿದ್ದರೆ ಯಾವುದೋ ಪೆಟ್ಟಿಗೆಗೆ ತುರುಕಿ ಮರೆತುಬಿಡುತ್ತಿದ್ದೆ. ಆದರೂ ಆ ಸಂಜೆ ಅವಳು ಅವನ್ನು ತೊಟ್ಟು, ಕರಡಿಯ ಹಾಗೆ ಎರಡೂ ಕೈ ಮೇಲೆತ್ತಿ ಅಡುಗೆಮನೆಯಲ್ಲಿ ಕುಣಿದಾಗ, ಅದನ್ನು ನೋಡಿ ಅಪ್ಪ ನಕ್ಕಾಗ, ನಾನು ನನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿಬಿಟ್ಟೆ. ಕಾಲೇಜು ಮುಗಿಸಿ ಪದವಿ ಪಡೆದವಳು ನಾನು. ಒಂದು ಜೊತೆ ಹರಕು ಕೈಗವಸಿಗೆ ಹೊಟ್ಟೆ ಉರಿದುಕೊಳ್ಳುವಷ್ಟು ಸಣ್ಣವಳೇ? ಸಣ್ಣವಳೇ ಇರಬೇಕು.

ಲೂಸೆಟ್ ನನ್ನ ಅಣ್ಣ ಐವರ್‌ನ ಹೆಂಡತಿ. ದೂರದ ದಕ್ಷಿಣದಲ್ಲಿ, ಹಿಮವೇ ಕಾಣದ ಲೂಯಿಸಿಯಾನದ ಸಮುದ್ರದ ಕಡೆಯವಳು. ಅವಳಪ್ಪನಿಗೆ ಸೀಗಡಿ ಹಿಡಿಯುವ ದೋಣಿ ಇದೆ. ಮದುವೆಯಾದ ಹೊಸದರಲ್ಲೇ ಐವರ್‌ಗೆ ಪಶ್ಚಿಮದ ಎಣ್ಣೆಬಾವಿಗಳಲ್ಲಿ ಕೆಲಸ ಸಿಕ್ಕಿತು. ಅವನಿಗೊಂದು ಮನೆ ಗೊತ್ತಾಗುವವರೆಗೆ ಇವಳು ಇಲ್ಲೇ ಇರಲಿ ಎಂದು ಈ ಚಳಿಗಾಲ ನಮ್ಮ ಮನೆಗೆ ಬಂದಳು. ಬರುವಾಗ ತಂದದ್ದು ಮಳೆಗೆ ಹಾಕುವಂಥ ಒಂದು ತೆಳು ಕೋಟು. "ಇದನ್ನ ಹಾಕ್ಕೊಂಡು ನಮ್ಮೂರಲ್ಲಿ ಶವಪೆಟ್ಟಿಗೆಗೆ ಮಾತ್ರ ಹೋಗಬಹುದು ಕಣಮ್ಮ" ಎಂದಳು ಅಮ್ಮ. ಹೊಸಬರು ಇಲ್ಲಿಯ ಚಳಿ ನೋಡಿ ಅಳುತ್ತಾರೆ, ಇಲ್ಲವೇ ಊರು ಬಿಡುತ್ತಾರೆ. ಇವಳು ಎರಡನ್ನೂ ಮಾಡಲಿಲ್ಲ. ಬಂದು ನಾಲ್ಕು ದಿನಕ್ಕೇ ನಮ್ಮಪ್ಪನನ್ನು "ಪಾಪಾ" ಎಂದು ಕರೆಯತೊಡಗಿದಳು. ನಾನು ಹುಟ್ಟಿದಾಗಿನಿಂದ ಅವನ ಮಗಳು, ಒಮ್ಮೆಯೂ ಅಷ್ಟು ಸಲೀಸಾಗಿ ಅವನನ್ನು ಕರೆದಿಲ್ಲ.

ಅಪ್ಪ ಶಾಲೆಯ ಬಸ್ಸು ಓಡಿಸುತ್ತಾನೆ. ಅವನ ಪಾಲಿನ ಮಾತನ್ನೆಲ್ಲ ಬಸ್ಸಿನ ಮಕ್ಕಳೇ ಆಡಿ ಮುಗಿಸಿಬಿಡುತ್ತಾರೋ ಏನೋ, ಮನೆಯಲ್ಲಿ ತುಟಿ ಬಿಚ್ಚುವುದು ಅಪರೂಪ. ನಾನೂ ಅವನ ಹಾಗೇ. "ಮೀನಾದ್ರೂ ಬಾಯಿ ತೆಗೆದು ಮುಚ್ಚುತ್ತೆ, ನೀವಿಬ್ಬರು ಅದೂ ಇಲ್ಲ" ಎಂದು ಅಮ್ಮ ರೇಗಿಸುತ್ತಾಳೆ.

ಆದರೆ ಕೆರೆ ಹೆಪ್ಪುಗಟ್ಟಿದ ಮೇಲೆ, ಡೇರೆಯೊಳಗೆ, ಅಪ್ಪ ಬೇರೆಯೇ ಮನುಷ್ಯ.

ನಾವು ಕೆರೆ ಎನ್ನುತ್ತೇವೆ. ಅದರ ಆಚೆಯ ದಡ ಕಣ್ಣಿಗೆ ಕಾಣುವುದಿಲ್ಲ, ಕಂಡರೆ ಅದು ಕೆನಡಾ. ಉಳ್ಳವರು ಮಂಜುಗಡ್ಡೆಯ ಮೇಲೆ ಹಲಗೆಯ ಮನೆಗಳನ್ನೇ ಎಳೆದು ತಂದು ನಿಲ್ಲಿಸುತ್ತಾರೆ, ಒಳಗೆ ಮಂಚ, ಒಲೆ, ಟೀವಿ. ನಮ್ಮದು ಬಟ್ಟೆಯ ಡೇರೆ. ಮಡಚಿದರೆ ದೊಡ್ಡ ಕೊಡೆಯ ಹಾಗೆ ಉದ್ದನೆಯ ಚೀಲಕ್ಕೆ ಸೇರುತ್ತದೆ. ಬಿಚ್ಚಿ ನಾಲ್ಕು ಗೋಡೆಯನ್ನೂ ಒಂದೊಂದಾಗಿ ಹೊರಕ್ಕೆ ಎಳೆದರೆ ಠಪ್ ಠಪ್ ಎಂದು ಉಬ್ಬಿ ನಿಲ್ಲುತ್ತದೆ. ಒಳಗೆ ಎರಡು ಸ್ಟೂಲು, ಗಾಳ ಇಳಿಬಿಡಲು ಮಂಜಿನಲ್ಲಿ ಕೊರೆದ ಎರಡು ಕುಣಿ, ಮಧ್ಯೆ ಒಂದು ಪುಟ್ಟ ಹೀಟರು. ಮೂರನೆಯವರು ಬಂದರೆ ಕುಣಿಯಲ್ಲೇ ಕಾಲಿಡಬೇಕು. ಅಪ್ಪನ ಎದುರಿನ ಸ್ಟೂಲು ನನ್ನ ಕಾಲು ನೆಲಕ್ಕೆ ಎಟುಕದ ಕಾಲದಿಂದಲೂ ನನ್ನದು. ಐವರ್‌ಗೆ ಸುಮ್ಮನೆ ಕೂರುವುದೆಂದರೆ ಶಿಕ್ಷೆ, ಅಮ್ಮ ಮಂಜಿನ ಮೇಲೆ ಕಾಲೇ ಇಡುವವಳಲ್ಲ. ಹೊರಗೆ ಗಾಳಿ ಬಟ್ಟೆಯನ್ನು ಹೊಡೆಯುತ್ತಿದ್ದರೆ, ಗಾಳದ ತುದಿ ನೋಡುತ್ತ ಕುಳಿತ ಅಪ್ಪ ಇದ್ದಕ್ಕಿದ್ದ ಹಾಗೆ ಮಾತು ಶುರುಮಾಡುತ್ತಿದ್ದ. ನನಗೆ ಗೊತ್ತಿರುವ ಅಪ್ಪನೆಲ್ಲ ಆ ಡೇರೆಯಲ್ಲಿ ಸಿಕ್ಕವನು.

ಅಜ್ಜನ ಕತೆಯನ್ನೂ ಅಲ್ಲೇ ಹೇಳಿದ್ದ. ಅಜ್ಜನ ಕಾಲದಲ್ಲಿ ಡೇರೆಯನ್ನು ಮಂಜಿಗೆ ಬಿಗಿಯುವ ತಿರುಪುಗೂಟಗಳಿರಲಿಲ್ಲವಂತೆ. ಜಾರುಬಂಡಿಯ ಮೇಲೆ ತಾಡಪಾಲು ಹೊದೆಸಿ, ಅದರೊಳಗೇ ಕೂರುವುದು. ಒಂದು ದಿನ ಗಾಳಿ ಎದ್ದಿದೆ, ಅಜ್ಜ, ಅಪ್ಪ ಇಬ್ಬರೂ ಒಳಗೆ. ಅಜ್ಜನ ಗಾಳದ ದಾರ ಬಿಗಿಯಾಯಿತು. "ಹಿಡೀತು! ತಿಮಿಂಗಿಲ ಕಣೋ ಹಾಲ್ವರ್, ತಿಮಿಂಗಿಲ!" ಎಂದು ಅಜ್ಜ ಅಪ್ಪನಿಗೆ ಕೂಗಿದ. ಮರುಗಳಿಗೆಗೆ ಅಪ್ಪನ ದಾರವೂ ಬಿಗಿಯಾಯಿತು. ಆಮೇಲೆ ನೋಡಿದರೆ ಕುಣಿಗಳೇ ಕಾಲ ಕೆಳಗಿಲ್ಲ. ಗಾಳಿಯ ಹೊಡೆತಕ್ಕೆ ಡೇರೆ ಸಮೇತ ಇಬ್ಬರೂ ಕೆರೆಯ ಮೇಲೆ ಸಾಗಿ ಹೋಗುತ್ತಿದ್ದಾರೆ! ಇದನ್ನು ಹೇಳಿ ಅಪ್ಪ ಸದ್ದಿಲ್ಲದೆ ನಕ್ಕಿದ್ದ, ಭುಜ ಮಾತ್ರ ಕುಣಿಯುವ ಹಾಗೆ. ನಾನು ಆ ಕತೆಯನ್ನು ಯಾರಿಗೂ ಹೇಳಲಿಲ್ಲ. ಡೇರೆಯಲ್ಲಿ ಹೇಳಿದ್ದು ಡೇರೆಯಲ್ಲೇ ಇರಬೇಕು ಎಂದುಕೊಂಡಿದ್ದೆ.

ಜನವರಿಯ ಒಂದು ಭಾನುವಾರ ನನಗೆ ನೆಗಡಿ ಬಂದು ಮಲಗಿದ್ದೆ. "ಖಾಲಿ ಸ್ಟೂಲು ಯಾಕೆ, ನಾನು ಬರ್ಲಾ ಪಾಪಾ?" ಎಂದು ಲೂಸೆಟ್ ಹೋದಳು. ಸಂಜೆ ಬಾಗಿಲು ತೆರೆಯುವ ಮೊದಲೇ ಅವಳ ದನಿ ಮನೆಯೊಳಗೆ ಬಂತು.

"ಅತ್ತೇ! ನಿಮ್ಮ ಮಾವ ಮಂಜಿನ ಮೇಲೆ ಹಡಗು ನಡೆಸಿದ್ರಂತಲ್ಲ, ಗೊತ್ತಾ ನಿಮಗೆ?"

ಊಟದ ಮೇಜಿನಲ್ಲಿ ಅವಳು ಅಜ್ಜನ ಕತೆ ಹೇಳಿದಳು. ಅಪ್ಪನಿಗಿಂತ ಚೆನ್ನಾಗಿ ಹೇಳಿದಳು. ಎದ್ದು ನಿಂತು ಅಜ್ಜನ ಹಾಗೆ ಗಾಳ ಎಳೆದಳು, "ತಿಮಿಂಗಿಲ ಕಣೋ!" ಎಂದು ಗುಡುಗಿದಳು, ಕುರ್ಚಿ ಸಮೇತ ಜಾರಿ ಫ್ರಿಜ್ಜಿಗೆ ಡಿಕ್ಕಿ ಹೊಡೆದಳು. ಅಮ್ಮ ನಕ್ಕು ಕಣ್ಣೀರು ಒರೆಸಿಕೊಂಡಳು. ಅಪ್ಪ ನಕ್ಕ, ಸದ್ದು ಮಾಡಿ ನಕ್ಕ. ನಾನು ಮೂಗು ಸೋರುತ್ತಿದೆ ಎಂಬ ನೆಪದಲ್ಲಿ ಎದ್ದು ಹೋದೆ. ಮಾರನೆಯ ದಿನ ಫ್ರಿಜ್ಜಿನ ಮೇಲೆ ಅವಳ ಫೋಟೋ ಇತ್ತು, ಕೈಯಲ್ಲಿ ಹೊಂಬಣ್ಣದ ದಪ್ಪ ವಾಲೈ ಮೀನು, ಕಿವಿಯಿಂದ ಕಿವಿಗೆ ನಗು. ಅದಕ್ಕೆ ಜಾಗ ಮಾಡಲು ಯಾರೋ ನನ್ನ ಫೋಟೋವನ್ನು ಕೆಳಕ್ಕೆ, ಕಸದಬುಟ್ಟಿಯ ಎತ್ತರಕ್ಕೆ ಸರಿಸಿದ್ದರು. ಯಾರೂ ಇಲ್ಲದಾಗ ಮೇಲಕ್ಕೆ ಸರಿಸಿದೆ. ನಾಚಿಕೆಯಾಗಿ ಮತ್ತೆ ಕೆಳಕ್ಕೇ ಇಟ್ಟೆ.

ಚಳಿಗಾಲ ಮುಗಿಯುವ ಮೊದಲು ಅಪ್ಪ ಒಂದು ಸಲ ಕಾಗೆಬಂಡೆಗೆ ಹೋಗುತ್ತಾನೆ. ಕೆರೆಯ ನಡುವಿನ ಆ ಬಂಡೆಯ ಸುತ್ತ ನೀರಿನಡಿ ದಿಬ್ಬವಿದೆ, ಮೀನುಗಳು ಅಲ್ಲಿ ಗುಂಪುಗೂಡುತ್ತವೆ. ಹಿಮದ ಮೇಲೆ ಓಡುವ ಸ್ನೋಮೊಬೈಲಿನಲ್ಲಿ ಹೋಗಿ ಬರುವಷ್ಟರಲ್ಲಿ ಇಡೀ ದಿನ ಮುಗಿಯುತ್ತದೆ. ಮರೆಯೆಂಬುದೇ ಇಲ್ಲದ ಬಯಲು, ಗಾಳಿ ಎಲ್ಲಿಂದಲೋ ಹೊರಟು ನೇರವಾಗಿ ಮೈಮೇಲೆ ಬರುತ್ತದೆ. ಜೊತೆಗೆ ಹೋಗುತ್ತಿದ್ದುದು ಪ್ರತಿವರ್ಷವೂ ನಾನೇ. ಈ ಸಲವೂ ನಾನೇ ಎಂದು ನವೆಂಬರಿನಿಂದ ಎಣಿಸಿಕೊಂಡಿದ್ದೆ. ಊರಿನ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುತ್ತ ನಿಂತಾಗಲೂ ಅಂದು ಅಪ್ಪನ ಜೊತೆ ಏನು ಮಾತಾಡಬೇಕೆಂದು ಮನಸ್ಸಿನಲ್ಲೇ ಬರೆದು ಅಳಿಸುತ್ತಿದ್ದೆ.

ಸೋಮವಾರ ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ ಕೇಳಿದ. "ಶನಿವಾರ ಕಾಗೆಬಂಡೆ. ಮಾರಿಟ್, ಬರ್ತೀಯಾ?"

ಇಲ್ಲಿ ನಮ್ಮ ಜನದ ಒಂದು ರೀತಿಯನ್ನು ಹೇಳಬೇಕು. ಯಾರ ಮನೆಗಾದರೂ ಹೋದಾಗ ಕಾಫಿ ಬೇಕೇ ಎಂದರೆ ಬೇಡ ಎನ್ನಬೇಕು. ಅರ್ಧ ಲೋಟ? ಅಯ್ಯೋ, ಸುಮ್ಮನೆ ನಿಮಗೆ ತೊಂದರೆ. ಮಾಡಿಟ್ಟಿದ್ದೀನಿ, ನೀವು ಕುಡಿಯದಿದ್ದರೆ ಚೆಲ್ಲಬೇಕು ಎಂದಾಗ, ಹಾಗಾದರೆ ಒಂದು ಗುಟುಕು. ಎರಡು ಸಲ ಬೇಡವೆಂದು ಮೂರನೆಯ ಸಲ ತಗೊಳ್ಳುವುದು. ಮೊದಲ ಸಲಕ್ಕೇ ಬೇಕು ಎಂದವರನ್ನು ನಾವು ಏನೂ ಅನ್ನುವುದಿಲ್ಲ, ಆದರೆ ಅವರು ಹೋದ ಮೇಲೆ ಮುಖ ಮುಖ ನೋಡಿಕೊಳ್ಳುತ್ತೇವೆ. ಬೇಕಾದದ್ದು ಎಷ್ಟು ದೊಡ್ಡದೋ ಬೇಡ ಎಂಬುದೂ ಅಷ್ಟು ಗಟ್ಟಿಯಾಗಿರಬೇಕು.

"ನನಗೆ ಹೇಗಾದ್ರೂ ಸರಿ" ಎಂದೆ.

"ಬರಬಹುದಲ್ಲ" ಎಂದ ಅಪ್ಪ.

"ಲೂಸೆಟ್ ನೋಡಿಲ್ಲ ಅಲ್ವಾ. ನನ್ನದೇನು, ಪರವಾಗಿಲ್ಲ."

ಎರಡು ಆಯಿತು. ಮೂರನೆಯದಕ್ಕೆ ನಾನು ಕಾದೆ. ಅಪ್ಪ ಬಾಯಿ ತೆರೆದದ್ದೂ ನಿಜ. ಆದರೆ ಲೂಸೆಟ್ ಚಮಚ ಕೆಳಗಿಟ್ಟು ಚಪ್ಪಾಳೆ ತಟ್ಟಿದಳು.

"ನಿಜವಾಗ್ಲೂ? ನಿಜವಾಗ್ಲೂ ಬಿಟ್ಕೊಡ್ತೀಯಾ? ಚಿನ್ನ ಕಣೇ ನೀನು! ನಾನು ಬರ್ತೀನಿ ಪಾಪಾ!" ಮೇಜು ಸುತ್ತಿ ಬಂದು ನನ್ನ ನೆತ್ತಿಗೆ ಮುತ್ತು ಕೊಟ್ಟಳು. ಅವಳ ತುಟಿಗೆ ಅಂಟಿದ್ದ ಕಾಡಕ್ಕಿ ಸೂಪು ನನ್ನ ಕೂದಲಿಗೆ ಅಂಟಿತು.

ಅಪ್ಪ ನನ್ನ ಕಡೆ ಒಂದು ಕ್ಷಣ ನೋಡಿದ. ನಾನು ತಟ್ಟೆ ನೋಡಿದೆ. "ಸರಿ ಹಾಗಾದ್ರೆ" ಎಂದ ಅಪ್ಪ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಮಾತು ಸೇರಿಸಿದ. "ಅಲ್ಲಿ ಗಾಳಿ ಜೋರು. ಡೇರೆ ಹೂಡೋದು ಇವಳಿಗೆ ಬರಬೇಕು. ಮಾರಿಟ್, ನೀನು ಕಲಿಸಿಕೊಡು."

ಆ ರಾತ್ರಿ ನಾನು ದಿಂಬಿಗೆ ಹೇಳಿದ ಮಾತುಗಳನ್ನು ಇಲ್ಲಿ ಬರೆಯಲಾರೆ.

ಗುರುವಾರ ಮಧ್ಯಾಹ್ನ ಅಪ್ಪ ಬಸ್ಸಿನಿಂದ ಬಂದವನೇ ನಮ್ಮಿಬ್ಬರನ್ನೂ ಕೆರೆಗೆ ಕರೆದೊಯ್ದ. ದಡದಿಂದ ಸ್ವಲ್ಪ ದೂರದಲ್ಲಿ ನಮ್ಮನ್ನೂ ಡೇರೆಯ ಚೀಲವನ್ನೂ ಇಳಿಸಿ, ತಾನು ಹತ್ತಿರದ ಹಲಗೆಮನೆಯ ಗೆಳೆಯನ ಹತ್ತಿರ ಕಾಫಿಗೆ ಹೋದ. ವಾಯವ್ಯದಿಂದ ಗಾಳಿ ಬೀಸುತ್ತಿತ್ತು. ಮೇಲಿನ ಹಿಮವನ್ನೆಲ್ಲ ಗುಡಿಸಿ ತಳ್ಳಿ, ಅಲ್ಲಲ್ಲಿ ಮಂಜುಗಡ್ಡೆಯನ್ನು ಕನ್ನಡಿಯ ಹಾಗೆ ಬರಿದು ಮಾಡಿತ್ತು.

"ಅಮ್ಮಮ್ಮಾ, ಮೂಗು ಇದೆಯಾ ನೋಡೇ, ನನಗೆ ಗೊತ್ತಾಗ್ತಿಲ್ಲ" ಎಂದಳು ಲೂಸೆಟ್.

"ಇದೆ" ಎಂದೆ.

ಕಲಿಸುವುದನ್ನು ನಾನು ಚೆನ್ನಾಗಿಯೇ ಕಲಿಸಿದೆ. ಅಷ್ಟರ ಮಟ್ಟಿಗೆ ನನಗೂ ಸೊಕ್ಕಿದೆ. ಹಿಮದ ಮೇಲಿನ ಗೆರೆ ನೋಡಿ ಗಾಳಿಯ ದಿಕ್ಕು ತಿಳಿಯುವುದು. ಡೇರೆಯ ಬೆನ್ನು ಗಾಳಿಗೆ, ಬಾಗಿಲು ಮರೆಗೆ. ಚೀಲದಿಂದ ತೆಗೆದ ಕೂಡಲೇ ಉಬ್ಬಿಸಬಾರದು. ಮಡಚಿಕೊಂಡೇ ಮಲಗಿಸಿ, ಗಾಳಿಯ ಬದಿಯ ಅಂಚಿಗೆ ಮೊದಲು ತಿರುಪುಗೂಟ ಹಾಕಬೇಕು. ಆಮೇಲೆ ಆ ಬದಿಯ ಗೋಡೆಯ ನಡುವಿನಿಂದ ಹಗ್ಗ ಎಳೆದು, ಇನ್ನೂ ಮುಂದೆ ಒಂದು ಗೂಟಕ್ಕೆ ಕಟ್ಟುವುದು. ಎಲ್ಲ ಬಿಗಿಯಾದ ಮೇಲೆ ಗೋಡೆಗಳನ್ನು ಎಳೆಯುವುದು, ಮರೆಯ ಬದಿಯದು ಕೊನೆಗೆ. ನಾಲ್ಕೂ ಸುತ್ತ ಬಟ್ಟೆಯ ಅಂಚಿನ ಮೇಲೆ ಹಿಮ ಒಟ್ಟುವುದು.

ಅವಳು ಸೊಂಟ ಬಗ್ಗಿಸಿ ಗೂಟ ತಿರುಗಿಸಿದಳು. ಮಂಜು ಕಚ್ಚಿಕೊಳ್ಳಲಿಲ್ಲ. ಮೇಲಿನ ಹಿಮ ಕೆರೆದು ಹಾಕು ಎಂದೆ, ಹಾಗೇ ಮಾಡಿದಳು, ಕಚ್ಚಿತು. ಹಗ್ಗ ಕಟ್ಟುವುದನ್ನು ನಾನು ತೋರಿಸುವ ಮೊದಲೇ ದೋಣಿಯವರ ಗಂಟೊಂದನ್ನು ಚಕಚಕನೆ ಹಾಕಿದಳು. ನನ್ನ ಗಂಟಿಗಿಂತ ಅದು ಒಳ್ಳೆಯದು. ಅದಕ್ಕೂ ನನಗೆ ಉರಿಯಿತು.

ಡೇರೆ ನಿಂತಿತು. ಗಾಳಿಯ ಬದಿಯ ಗೋಡೆ ಹೊಟ್ಟೆ ಒಳಗೆಳೆದುಕೊಂಡು ತಡೆದುಕೊಂಡಿತು. ಲೂಸೆಟ್ ಒಳಗೆ ಹೋಗಿ ನನ್ನ ಸ್ಟೂಲಿನ ಮೇಲೆ ಕುಳಿತಳು. ಅದೇ ನನ್ನ ಸ್ಟೂಲು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

"ಎಷ್ಟು ಚೆನ್ನಾಗಿದೆ ಕಣೇ ಒಳಗೆ! ಹೊರಗೆ ರಾಕ್ಷಸ ಕೂಗ್ತಿದ್ರೂ ಇಲ್ಲಿ ಅಜ್ಜಿ ಮನೆ ಥರ." ಗಲ್ಲಕ್ಕೆ ಕೈ ಕೊಟ್ಟು ನನ್ನನ್ನೇ ನೋಡಿದಳು. "ನಿಮ್ಮಪ್ಪ ಇಲ್ಲಿ ಬಾಯಿ ಬಿಡ್ತಾರೆ ನೋಡು. ನಮ್ಮಪ್ಪ ಹಾಗಲ್ಲ. ದೋಣಿಯಲ್ಲೂ ಬೈಗುಳ, ಮನೆಯಲ್ಲೂ ಬೈಗುಳ. ಐವರ್ ನಿಮ್ಮಪ್ಪನ ವಿಷಯ ಹೇಳಿದಾಗ ಸುಳ್ಳು ಅಂದ್ಕೊಂಡಿದ್ದೆ."

ಇದಕ್ಕೆ ಏನಾದರೂ ಒಳ್ಳೆಯ ಮಾತು ಹೇಳಬೇಕಿತ್ತು. "ಬೆಳಕು ಹೋಗ್ತಿದೆ, ಬಿಚ್ಚೋಣ" ಎಂದೆ.

ನಾನು ಒಳಗೆ ಸ್ಟೂಲು, ಹೀಟರು ಎತ್ತಿಡುತ್ತಿದ್ದೆ. ಅವಳು ಹೊರಗೆ ಹೋಗಿ ಹಿಮ ಕೆದರಿದಳು. ಚಿಕ್ಕ ಕಿಟಕಿಯಿಂದ ನೋಡಿದರೆ ಮುಂದಿನ ಹಗ್ಗವನ್ನು ಆಗಲೇ ಗೂಟದಿಂದ ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು, ಗಾಳಿಯ ಬದಿಯ ಅಂಚಿಗೆ ಬಂದು ಬಗ್ಗಿದ್ದಾಳೆ. ಅವಳ ಲೆಕ್ಕ ನನಗೆ ಅರ್ಥವಾಯಿತು: ಮೊದಲು ಹಾಕಿದ್ದನ್ನು ಮೊದಲು ತೆಗೆಯುವುದು. ಬೇರೆ ಕೆಲಸದಲ್ಲಾದರೆ ಅದು ನಡೆಯುತ್ತಿತ್ತೇನೋ. ಡೇರೆಗೆ ಮಾತ್ರ ತಿರುಗುಮುರುಗು. ಗಾಳಿಯ ಬದಿಯ ಗೂಟ ಹಾಕುವಾಗ ಮೊದಲನೆಯದು, ತೆಗೆಯುವಾಗ ಕೊನೆಯದು.

"ಅದು ಕೊನೆಗೆ" ಎಂದೆ.

ನನ್ನ ದನಿ ಬಟ್ಟೆಯಿಂದ ಆಚೆಗೆ ಹೋಗಲಿಲ್ಲ. ಹೋಗಲಿಲ್ಲ ಎಂದು ನನಗೆ ಗೊತ್ತಾಯಿತು. ಇನ್ನೊಂದು ಸಲ, ಜೋರಾಗಿ ಹೇಳಬಹುದಿತ್ತು. ಹೇಳಿದ್ದೇನಲ್ಲ ಎಂದುಕೊಂಡೆ. ಅವಳು ಒಂದು ಗೂಟ ತಿರುಗಿಸಿ ತೆಗೆದಳು, ಎರಡನೆಯದಕ್ಕೆ ಕೈ ಹಾಕಿದಳು. ನಾನು ಸ್ಟೂಲುಗಳನ್ನು ಎದೆಗವಚಿಕೊಂಡು ಬಾಗಿಲಿನಿಂದ ಹೊರಗೆ ಬಂದು ನಿಂತೆ. ಎಲ್ಲೋ ಒಳಗೆ ಒಂದು ಸಣ್ಣ ದನಿ, ಹೋಗಲಿ, ಅಪ್ಪ ನೋಡಲಿ ಎನ್ನುತ್ತಿತ್ತು.

ಗಾಳಿ ಒಂದು ದೊಡ್ಡ ಉಸಿರು ಎಳೆದುಕೊಂಡ ಹಾಗಿತ್ತು. ಡೇರೆಯ ಬೆನ್ನು ನೆಲ ಬಿಟ್ಟು ಎದ್ದಿತು, ಅಡಿಯಲ್ಲಿ ಗಾಳಿ ನುಗ್ಗಿತು, ಉಳಿದ ಗೂಟಗಳು ಕಿತ್ತು ಹಾರಿದವು. ನನ್ನ ತಲೆಯ ಮೇಲಿನಿಂದಲೇ ಡೇರೆ ಉರುಳಿ ಹೋಯಿತು. ಲೂಸೆಟ್ ಮೀನುಗಾರನ ಮಗಳು. ಕೈಯಲ್ಲಿದ್ದ ಹಗ್ಗವನ್ನು ಬಿಡುವುದು ಅವಳ ರಕ್ತದಲ್ಲೇ ಇಲ್ಲ. ಹಗ್ಗ ಬಿಗಿಯಿತು, ಅವಳು ಮುಗ್ಗರಿಸಿ ಹೊಟ್ಟೆಯ ಮೇಲೆ ಬಿದ್ದಳು, ಬಿದ್ದವಳು ಹಾಗೇ ಜಾರಿಕೊಂಡು ಹೊರಟಳು.

ಮೊದಲು ಅವಳು ನಗುತ್ತಿದ್ದಳು. "ಮಾರಿಟ್, ನೋಡೇ, ಹಡಗು!" ಎಂದದ್ದು ಕೇಳಿಸಿತು. ಆಮೇಲೆ ನಗು ನಿಂತಿತು.

ಗಾಳಿ ಅವಳನ್ನು ಎಳೆದೊಯ್ಯುತ್ತಿದ್ದ ಕಡೆ ಮಂಜು ಬಿರಿದ ಏರು ಇದೆ. ಎರಡು ಹಾಳೆ ಮಂಜುಗಡ್ಡೆ ಒಂದನ್ನೊಂದು ಒತ್ತಿ, ಮುರಿದು, ಮೇಲೆದ್ದು ನಿಂತ ಸಾಲು. ಅದರ ಪಕ್ಕದಲ್ಲಿ ನೀರು ತೆರೆದುಕೊಂಡಿರುತ್ತದೆ, ಕಪ್ಪಗೆ. ನಮ್ಮೂರ ಮಕ್ಕಳಿಗೆ ನಡೆಯಲು ಕಲಿಸುವ ಮೊದಲೇ ಅತ್ತ ಹೋಗಬೇಡ ಎಂದು ಕಲಿಸುತ್ತಾರೆ. ಅವಳಿಗೆ ಅದನ್ನು ಯಾರೂ ಹೇಳಿರಲಿಲ್ಲ.

ನಾನು ಸ್ಟೂಲುಗಳನ್ನು ಎಸೆದು ಓಡಿದೆ. ನನ್ನ ಬೂಟಿಗೆ ಮುಳ್ಳುಪಟ್ಟಿ ಇತ್ತು, ಆದರೂ ಗಾಳಿಯನ್ನು ಹಿಡಿಯುವುದು ಯಾರಿಂದ ಆಗುತ್ತದೆ? "ಕೈ ಬಿಡು!" ಎಂದೆ. ಅವಳಿಗೆ ಕೇಳಿಸಲಿಲ್ಲ. "ಬಿಡೇ! ಹಗ್ಗ ಬಿಡು! ಬಿಡೇ ಲೂಸೆಟ್!" ಆ ಕೂಗು ನನ್ನದು ಎಂದು ನನಗೇ ಗೊತ್ತಾಗಲಿಲ್ಲ. ಯಾರೋ ಹೆಂಗಸು ನನ್ನ ಹಿಂದಿನಿಂದ ಕಿರುಚಿದ ಹಾಗಿತ್ತು.

ಅವಳು ಬಿಟ್ಟಳು. ಇನ್ನೊಂದಿಷ್ಟು ದೂರ ಜಾರಿ, ಗಿರ್ರನೆ ಸುತ್ತಿ, ನಿಂತಳು. ಡೇರೆ ಏರಿನ ಕಡೆಗೇ ಉರುಳಿ ಹೋಗಿ, ಮಂಜಿನ ಮೇಲಿನ ದಾರಿಗೆ ಗುರುತಾಗಿ ನೆಟ್ಟಿದ್ದ ಹಳೆಯ ಕ್ರಿಸ್ಮಸ್ ಗಿಡಗಳ ಸಾಲಿಗೆ ಸಿಕ್ಕಿಕೊಂಡು ಪಟಪಟ ಬಡಿದುಕೊಳ್ಳತೊಡಗಿತು.

ನಾನು ಹೋಗುವಷ್ಟರಲ್ಲಿ ಅವಳು ಎದ್ದು ಕುಳಿತಿದ್ದಳು. ಗಲ್ಲ ತರಚಿ ರಕ್ತ ಬರುತ್ತಿತ್ತು. ಬಿರಿದ ಏರನ್ನೂ ಅದರ ಬುಡದ ಕಪ್ಪು ನೀರನ್ನೂ ನೋಡುತ್ತಿದ್ದಳು.

"ಅದು ನೀರಾ?" ಎಂದಳು.

"ಹ್ಞೂಂ."

"ನೀನು ಆಗ ಒಳಗಿಂದ ಏನೋ ಅಂದೆ ಅಲ್ವಾ? ಗೂಟ ತೆಗೀವಾಗ?"

"ಅದು ಕೊನೆಗೆ ಅಂದೆ."

"ಅಷ್ಟು ಮೆಲ್ಲಗೆ ಅಂದ್ರೆ ಪಕ್ಕದ ಇರುವೆಗೂ ಕೇಳಲ್ಲ ಕಣೇ." ಕೈಗವಸಿನ ಹಿಂಬದಿಯಿಂದ ಗಲ್ಲ ಒರೆಸಿಕೊಂಡಳು. "ಈಗ ಕೂಗಿದ್ದು ನೋಡು, ಸತ್ತೋರೂ ಎದ್ದು ಬರ್ತಿದ್ರು. ಇಷ್ಟು ದಿನ ಎಲ್ಲಿಟ್ಟಿದ್ದೆ ಆ ಗಂಟಲನ್ನ?"

ನಾನು ಅವಳ ಪಕ್ಕ ಕುಳಿತೆ. ಅವಳು ನನ್ನ ಕೈ ಹಿಡಿದುಕೊಂಡಳು. ನನ್ನ ಕೈ ಅವಳ ಕೈಗಿಂತ ತಣ್ಣಗಿತ್ತು.

ಕೂಗು ಕೇಳಿ ಅಪ್ಪ ಸ್ನೋಮೊಬೈಲು ಓಡಿಸಿಕೊಂಡು ಬಂದ. ಇಳಿದವನೇ ಮೊದಲು ನನ್ನನ್ನು ನೋಡಿದ, ಆಮೇಲೆ ಅವಳ ಗಲ್ಲ, ಆಮೇಲೆ ಡೇರೆ.

"ಪಾಪಾ, ತಪ್ಪೆಲ್ಲಾ ನಂದು" ಎಂದಳು ಲೂಸೆಟ್. "ಇವಳು ಸರಿಯಾಗೇ ಕಲಿಸಿದ್ಲು. ಇವಳು ಹೇಳಿದ್ಲು ಕೂಡಾ. ನಾನೇ ಮೊದಲು ಆ ಗೂಟ ಕಿತ್ತೆ."

ಅಪ್ಪ ಜೇಬಿನ ಬಟ್ಟೆ ತೆಗೆದು ಅವಳ ಗಲ್ಲಕ್ಕೆ ಒತ್ತಿ ಹಿಡಿದ. ನಾನು ಇದಕ್ಕೆ ಕಾದಿದ್ದೆ ಅಲ್ಲವೇ, ಅಪ್ಪ ನೋಡಲಿ ಎಂದು? ಅಪ್ಪ ನೋಡಿದ. ಅವಳ ಎದುರು ಮಂಡಿಯೂರಿ ಕುಳಿತ.

"ಎಲ್ಲರೂ ಒಂದು ಸಲ ಕೀಳ್ತಾರಮ್ಮ ಅದನ್ನ" ಎಂದ. "ನಾನೂ ಕಿತ್ತಿದ್ದೀನಿ. ಮದುವೆಯಾದ ವರ್ಷ. ನಿಮ್ಮತ್ತೆ ಇನ್ನೂ ಒಳಗಿದ್ಲು, ಸೂಪಿನ ಪಾತ್ರೆ ಮಡಿಲಲ್ಲಿ ಇಟ್ಕೊಂಡು."

"ಅಯ್ಯೋ ದೇವರೇ! ಆಮೇಲೆ?"

"ಆಮೇಲೇನು. ಡೇರೆ ಜೊತೆ ಮೂರು ಪಲ್ಟಿ ಹೊಡೆದ್ಲು. ತಲೆತುಂಬ ಬಟಾಣಿ. ಎದ್ದು ಬಂದು ಒಂದು ಮಾತೂ ಆಡ್ಲಿಲ್ಲ. ನಡ್ಕೊಂಡೇ ಮನೆಗೆ ಹೋದ್ಲು. ಅವತ್ತೇ ಕೊನೆ, ಮತ್ತೆ ಮಂಜಿನ ಮೇಲೆ ಕಾಲಿಟ್ಟಿಲ್ಲ." ಅಪ್ಪನ ಭುಜ ಕುಣಿಯಿತು. ಲೂಸೆಟ್ ನೋವು ಮರೆತು ನಕ್ಕಳು.

ನಾನು ನಗಲಿಲ್ಲ. ಅಮ್ಮ ಯಾಕೆ ಕೆರೆಗೆ ಬರುವುದಿಲ್ಲ ಎಂದು ಚಿಕ್ಕಂದಿನಿಂದ ನಾನು ಯೋಚಿಸಿದ್ದೇನೆ. ಡೇರೆಯೊಳಗೆ ಅಪ್ಪನ ಎದುರು ಅಷ್ಟೊಂದು ಚಳಿಗಾಲ ಕುಳಿತಿದ್ದೇನೆ, ಈ ಕತೆ ನನಗೆ ಸಿಕ್ಕಿರಲಿಲ್ಲ. ಈಗ ಬಯಲಿನಲ್ಲಿ, ನಡುಗಾಳಿಯಲ್ಲಿ, ಇವಳಿಗೆ ಸಿಕ್ಕಿತು. "ಆಮೇಲೆ?" ಎಂದು ಕೇಳಿದ್ದಕ್ಕೆ ಸಿಕ್ಕಿತು. ನಾನು ಅಪ್ಪನನ್ನು ಯಾವತ್ತಾದರೂ ಆಮೇಲೆ ಎಂದು ಕೇಳಿದ್ದೇನೆಯೇ? ಅವನು ಕೊಟ್ಟಷ್ಟನ್ನು ತೆಗೆದುಕೊಂಡು ಸುಮ್ಮನೆ ಕುಳಿತಿರುತ್ತಿದ್ದೆ. ಮೂರನೆಯ ಸಲ ಕೇಳಲಿ ಎಂದು ಕಾಯುತ್ತ. ಈ ಯೋಚನೆ ಬಂದದ್ದರಿಂದ ಉರಿ ಕಡಿಮೆಯಾಯಿತು ಎನ್ನಲಾರೆ. ಇನ್ನಷ್ಟು ಹತ್ತಿಕೊಂಡಿತು.

ಮೂವರೂ ಸೇರಿ ಡೇರೆಯನ್ನು ಗಿಡಗಳಿಂದ ಬಿಡಿಸಿದೆವು. ಒಂದು ಕಂಬಿ ಮುರಿದಿತ್ತು. ಅಪ್ಪ ಅದನ್ನು ಬಗ್ಗಿಸಿ ನೋಡಿದ. "ಕಂಬಿ ಒಂದು ತಾನೇ. ನಾಳೆ ಹಾಕ್ತೀನಿ. ಶನಿವಾರಕ್ಕೆ ಸರಿಹೋಗುತ್ತೆ."

ಲೂಸೆಟ್ ತಲೆಯಾಡಿಸಿದಳು. ಆ ಕಪ್ಪು ನೀರನ್ನು ಇನ್ನೊಮ್ಮೆ ನೋಡಿದಳು. "ಪಾಪಾ, ಈ ಸಲ ಮಾರಿಟ್ ಹೋಗ್ಲಿ. ನನಗೆ ಗಾಳಿ ಜೊತೆ ಇನ್ನೊಂಚೂರು ಪರಿಚಯ ಆಗ್ಬೇಕು."

ಅಪ್ಪ ನನ್ನ ಕಡೆ ತಿರುಗಿದ. "ಬರ್ತೀಯಾ ಮಾರಿಟ್?"

ನನ್ನ ನಾಲಗೆಗೆ ಬುದ್ಧಿ ಇಲ್ಲ. "ಪಾಪ, ಅವಳು ಅಷ್ಟು ಆಸೆಪಟ್ಟಿದ್ಲು" ಎಂದಿತು. "ನನ್ನದೇನು."

"ನಾನು ಧೈರ್ಯ ಮಾಡಿದ್ರೆ ಹೋಗ್ತೀನಿ, ಆದ್ರೆ..." ಎಂದು ಲೂಸೆಟ್ ನನ್ನನ್ನು ನೋಡಿದಳು. "ನಿಜ ಹೇಳು. ನಿನಗೆ ಹೋಗೋ ಆಸೆ ಇಲ್ವಾ? ಸೋಮವಾರ ಇಲ್ಲ ಅಂದೆಯಲ್ಲ. ಇಲ್ಲ ಅಂದ್ರೆ ಇಲ್ಲ ಅಂತ್ಲೇ ನಾನು ಅಂದ್ಕೊಂಡೆ. ನಮ್ಮ ಕಡೆ ಹಾಗೇ ಕಣೇ."

"ಬರಬಹುದಲ್ಲ" ಎಂದ ಅಪ್ಪ.

ಅದು ಎರಡನೆಯದು. ಪರವಾಗಿಲ್ಲ ಎಂಬ ಮಾತು ಹಲ್ಲಿನ ಹತ್ತಿರ ಬಂದು ನಿಂತಿತ್ತು. ಅಪ್ಪನ ಮುಖ ನೋಡಿದೆ. ಹುಬ್ಬಿನ ಮೇಲೆ ಹಿಮ ಕಟ್ಟಿತ್ತು. ಅವನೂ ನನ್ನ ಹಾಗೇ ಎಂದು ಅಮ್ಮ ಹೇಳುವುದು ನಿಜ. ಅವನು ಮೂರನೆಯ ಸಲ ಕೇಳುವವನಲ್ಲ, ಕೇಳಲು ಅವನಿಗೂ ನಾಚಿಕೆ. ಸುಮ್ಮನಿದ್ದರೆ "ಸರಿ ಹಾಗಾದ್ರೆ" ಎಂದು ತಿರುಗಿ ಗಾಡಿ ಹತ್ತುತ್ತಾನೆ. ಅವಳು ಧೈರ್ಯ ಮಾಡುತ್ತಾಳೆ. ನಾನು ಶನಿವಾರ ಇಡೀ ದಿನ ಅಡುಗೆಮನೆಯ ಕಿಟಕಿಯಲ್ಲಿ ನಿಂತಿರುತ್ತೇನೆ.

"ಸರಿ ಹಾ..." ಎಂದ ಅಪ್ಪ.

"ನನಗೆ ಬೇಕು" ಎಂದೆ. ದನಿ ಒಡೆಯಿತು, ಆದರೆ ಗಾಳಿ ಅದನ್ನು ನುಂಗುವಷ್ಟು ಸಣ್ಣದಾಗಿರಲಿಲ್ಲ. "ಆ ಜಾಗ ನಂದು ಅಪ್ಪಾ. ಅವಳಿಗೆ ಕೊಡಬೇಡ."